ಸ್ಲೇಟು, ತುತ್ತು, ಶಾಸನ: ಮೈಸೂರಿನ ಮಗುವಿನ ಖರ್ಚು ಹೊತ್ತವರು

ಮೈಸೂರಿನ ಸರಸ್ವತಿಪುರಂನಲ್ಲಿ ಯಾವ ಮೇನ್ ಹಿಡಿದು ಹೊರಟರೂ ಒಂದು ಶಾಲೆಯೋ ಕಾಲೇಜೋ ಹಾಸ್ಟೆಲ್ಲೋ ಎದುರಾಗುತ್ತದೆ. ಒಂದು ಮಗ್ಗುಲಿಗೆ ಮಹಾರಾಜ ಕಾಲೇಜು, ಕ್ರಾಫರ್ಡ್ ಹಾಲ್. ಇನ್ನೊಂದು ಮಗ್ಗುಲಿಗೆ ಕುಕ್ಕರಹಳ್ಳಿ ಕೆರೆ, ಅದರಾಚೆ ಮಾನಸಗಂಗೋತ್ರಿ. ಬಡಾವಣೆಯ ಒಳಗೇ ಜೆಎಸ್‌ಎಸ್ ಮಹಿಳಾ ಕಾಲೇಜು, ವಿಜಯ ವಿಠ್ಠಲ ವಿದ್ಯಾಶಾಲೆ, ವಿಶ್ವವಿದ್ಯಾನಿಲಯದ ಈಜುಕೊಳ. ಪ್ಲೇಗಿನ ಹಾವಳಿಯ ಬೆನ್ನಿಗೇ 1903ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಇಕ್ಕಟ್ಟಾದ ಹಳೆಯ ಊರನ್ನು ಸಡಿಲಿಸಿ ಅಗಲ ರಸ್ತೆಗಳ ಬಡಾವಣೆಗಳಿಗೆ ದಾರಿ ಮಾಡಿತು. ಹಾಗೆ ಹಿಗ್ಗಿದ ಊರಿನ ಪಶ್ಚಿಮದ ಅಂಚಿನಲ್ಲಿ ಮೇಷ್ಟ್ರುಗಳು, ಗುಮಾಸ್ತರು, ಪ್ರೊಫೆಸರುಗಳು ಮನೆ ಕಟ್ಟಿಕೊಂಡರು. ಈ ಮನೆಗಳಿಗೆ ಅಂಟಿಕೊಂಡೇ ಕನ್ನೇಗೌಡನ ಕೊಪ್ಪಲಿದೆ. ಬಡಾವಣೆಗಿಂತ ಮೊದಲೇ ಇದ್ದ ಹಳ್ಳಿ ಅದು. ಈಗ ನಗರದ ಹೊಟ್ಟೆಯೊಳಗೆ ಸೇರಿಹೋಗಿದೆ.

ಮೇಷ್ಟ್ರ ಮನೆಯ ಮಗುವಿಗೂ ಕೊಪ್ಪಲಿನ ಮಗುವಿಗೂ ಸ್ಲೇಟು ಬೇಕು, ಮಧ್ಯಾಹ್ನದ ತುತ್ತು ಬೇಕು, ತಾಯಿ ಕೆಲಸಕ್ಕೆ ಹೋದಾಗ ನೋಡಿಕೊಳ್ಳುವ ಕೈ ಬೇಕು. ಈ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಮೈಸೂರು ಸೀಮೆ ಇನ್ನೂರು ವರ್ಷಗಳಲ್ಲಿ ಬೇರೆಬೇರೆ ಉತ್ತರ ಕೊಟ್ಟಿದೆ. ಮೊದಲು ಊರು ಕೊಟ್ಟಿತು, ಆಮೇಲೆ ಅರಮನೆ, ಮಠ, ಜಾತಿ ಸಂಘಗಳು. ಕಾನೂನು ಬಂದದ್ದು ಕೊನೆಗೆ. ಅದು ಬಂದಾಗಲೂ ಮೊದಲು ಹೊರಟದ್ದು ಅಪ್ಪಣೆ. ದುಡ್ಡು ಕೈಗೆ ಬರಲು ದಶಕಗಳೇ ಹಿಡಿದವು.

ಮಾರ್ನಮಿಯ ಚೌಪದ

ಸರ್ಕಾರದ ಶಾಲೆ ಬರುವ ಮುಂಚೆ ಊರೂರಲ್ಲಿ ಇದ್ದದ್ದು ಕೂಲಿಮಠ. ಐಗಳ ಮನೆಯ ಜಗಲಿ, ಗುಡಿಯ ಕೈಸಾಲೆ, ಇಲ್ಲವೇ ಊರಗೌಡ ಬಿಟ್ಟುಕೊಟ್ಟ ಒಂದು ಪಡಸಾಲೆಯೇ ಶಾಲೆ. ನೆಲದ ಮೇಲೆ ಮರಳು ಹರಡಿ, ಹುಡುಗನ ತೋರುಬೆರಳು ಹಿಡಿದು ಐಗಳು ಅಕ್ಷರ ತಿದ್ದಿಸುತ್ತಿದ್ದರು. ಕೈ ಕುದುರಿದ ಮೇಲೆ ಇದ್ದಿಲು, ಸೊಪ್ಪಿನ ರಸ ಬಳಿದು ಕಪ್ಪು ಮಾಡಿದ ಹಲಗೆ, ಅದರ ಮೇಲೆ ಬಳಪ. ಮಗ್ಗಿ, ಕಾಗುಣಿತ, ಒಂದಿಷ್ಟು ಲೆಕ್ಕ, ಪತ್ರ ಬರೆಯುವ ರೂಢಿ, ಬಾಯಿಪಾಠದ ಶ್ಲೋಕ. ಇಷ್ಟು ಬಂದರೆ ಓದು ಮುಗಿದಂತೆ. ಹುಣ್ಣಿಮೆ, ಅಮಾವಾಸ್ಯೆಗೆ ರಜ. ತಪ್ಪು ಮಾಡಿದ ಹುಡುಗನನ್ನು ಹಗ್ಗಕ್ಕೆ ಕೈ ಕೊಟ್ಟು ನೇತಾಡಿಸುವ ಕೋದಂಡದ ಶಿಕ್ಷೆ ಹಳೆಯ ತಲೆಮಾರಿನ ಎಷ್ಟೋ ಜನರ ನೆನಪಿನ ಬರಹಗಳಲ್ಲಿ ಉಳಿದಿದೆ.

ಐಗಳ ಸಂಬಳಕ್ಕೆ ಖಜಾನೆಯಿರಲಿಲ್ಲ. ತಿಂಗಳಿಗಿಷ್ಟು ಕಾಸು ಕೊಡುವವರು ಕಾಸು ಕೊಟ್ಟರು, ಆಗದವರು ಸುಗ್ಗಿಯಲ್ಲಿ ರಾಗಿ, ಭತ್ತ ಅಳೆದರು. ವರ್ಷದ ದೊಡ್ಡ ಆದಾಯ ಬರುತ್ತಿದ್ದದ್ದು ಮಹಾನವಮಿಗೆ. ಹುಡುಗರು ಒಗೆದ ಬಟ್ಟೆ ತೊಟ್ಟು ಐಗಳ ಹಿಂದೆ ಸಾಲಾಗಿ ಮನೆಮನೆಗೆ ಹೋಗಿ ಚೌಪದ ಹಾಡುತ್ತಿದ್ದರು. ಮನೆಯವರನ್ನು ಹರಸುವ ಹಾಡು ಮುಗಿದ ಮೇಲೆ ಯಜಮಾನ ಐಗಳಿಗೆ ದುಡ್ಡೋ ಪಂಚೆಯೋ ಕೊಡುತ್ತಿದ್ದ, ಮಕ್ಕಳಿಗೆ ಕಡಲೆಪುರಿ ಸಿಗುತ್ತಿತ್ತು. ಶಾಲೆಗೆ ಊರೇ ಕಟ್ಟುತ್ತಿದ್ದ ಚಂದಾ ಅದು, ಹಬ್ಬದ ಹೆಸರಿನಲ್ಲಿ.

ಈ ಏರ್ಪಾಡಿನ ಗುಣವೂ ದೋಷವೂ ಒಂದೇ: ಊರಿನ ಒಪ್ಪಿಗೆ. ಊರು ಒಪ್ಪಿದ ಮಕ್ಕಳಿಗೆ ಮಾತ್ರ ಜಗಲಿಯ ಮೇಲೆ ಜಾಗ. ಹೆಣ್ಣುಮಕ್ಕಳು ಬಹುಪಾಲು ಹೊರಗೆ. ಹೊಲಗೇರಿಯ ಮಕ್ಕಳಂತೂ ಜಗಲಿಯ ಹತ್ತಿರವೂ ಸುಳಿಯುವಂತಿರಲಿಲ್ಲ.

ಹೋಬಳಿಗೊಂದು ಶಾಲೆ

ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಅರಮನೆಯ ಖರ್ಚಿನಲ್ಲಿ ನಡೆದ ಆ ಶಾಲೆಯ ಬೇರಿನಿಂದಲೇ ಮುಂದೆ ಮಹಾರಾಜ ಕಾಲೇಜು ಬೆಳೆಯಿತು. ಆದರೆ ರಾಜ್ಯದ ಲೆಕ್ಕಪುಸ್ತಕದಲ್ಲಿ ವಿದ್ಯೆಗೆ ಒಂದು ಕಾಯಂ ಬಾಬ್ತು ಸಿಕ್ಕಿದ್ದು 1857ರಲ್ಲಿ. ಇಂಗ್ಲೆಂಡಿನಿಂದ 1854ರಲ್ಲಿ ಬಂದ ವುಡ್ ಅವರ ಶಿಕ್ಷಣ ನಿರೂಪವನ್ನು ಅನುಸರಿಸಿ, ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದ ಕಾಲದಲ್ಲಿ ಮೈಸೂರಿಗೆ ಶಿಕ್ಷಣ ಇಲಾಖೆ ಬಂತು.

ಇಲಾಖೆಯನ್ನು ಹಳ್ಳಿಯವರೆಗೆ ಇಳಿಸಿದವರು ಬಿ.ಎಲ್. ರೈಸ್. ಬೆಂಗಳೂರಿನಲ್ಲೇ ಹುಟ್ಟಿದ, ಪಾದ್ರಿಯ ಮಗನಾದ ರೈಸ್ ಅವರನ್ನು ಕನ್ನಡಿಗರು ಶಾಸನಗಳ ರೈಸ್ ಎಂದೇ ನೆನೆಯುತ್ತಾರೆ. ಶಾಲೆಗಳ ತನಿಖೆಗೆಂದು ಸೀಮೆಯೆಲ್ಲ ಅಲೆಯುವಾಗಲೇ ಅವರ ಕಣ್ಣು ಕಲ್ಬರಹಗಳ ಮೇಲೆ ಬಿದ್ದದ್ದು. ‘ಎಪಿಗ್ರಾಫಿಯ ಕರ್ನಾಟಿಕಾ’ ಸಂಪುಟಗಳ ಹಿಂದೆ ಆ ತಿರುಗಾಟವಿದೆ. ಅದೇ ರೈಸ್ 1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ಮುಂದಿಟ್ಟರು. ಕೂಲಿಮಠದ ಐಗಳನ್ನು ಓಡಿಸಿ ಹೊಸಬರನ್ನು ತರುವ ಆಲೋಚನೆ ಅವರದಾಗಿರಲಿಲ್ಲ. ಇದ್ದ ಮೇಷ್ಟ್ರನ್ನೇ ನಾರ್ಮಲ್ ಶಾಲೆಗೆ ಕರೆಸಿ ತರಬೇತಿ ಕೊಡುವುದು, ಸಂಬಳ ಸರ್ಕಾರದ್ದು, ಕಟ್ಟಡ ಊರವರದ್ದು. ಕಲಿಸುವ ಕೈಗೆ ಸರ್ಕಾರ, ತಲೆಯ ಮೇಲಿನ ಸೂರಿಗೆ ಊರು ಎಂಬ ಈ ಹಂಚಿಕೆ ಬಹಳ ಕಾಲ ಉಳಿಯಿತು. ಇಂದಿಗೂ ಸರ್ಕಾರಿ ಶಾಲೆಗಳ ಗೋಡೆಯ ಮೇಲೆ ಜಾಗ ಕೊಟ್ಟ ದಾನಿಯ ಹೆಸರಿನ ಕಲ್ಲು ಕಾಣುವುದು ಅಪರೂಪವಲ್ಲ.

ಹೆಣ್ಣುಮಕ್ಕಳ ಓದಿಗೆ ಮೈಸೂರಿನಲ್ಲಿ ಗಟ್ಟಿ ನೆಲೆ ಸಿಕ್ಕಿದ್ದು 1881ರಲ್ಲಿ, ಅಂಬಳೆ ನರಸಿಂಹ ಅಯ್ಯಂಗಾರ್ ಅವರ ಮುತುವರ್ಜಿಯಿಂದ ಶುರುವಾದ ಹೆಣ್ಣುಮಕ್ಕಳ ಶಾಲೆಯಿಂದ. ಮಹಾರಾಣಿ ಕಾಲೇಜಿನ ಮೂಲ ಅದೇ. ಆದರೆ ಏಳೆಂಟು ವರ್ಷಕ್ಕೇ ಮದುವೆ ಮಾಡಿ ಕಳಿಸುವ ಸಮಾಜದಲ್ಲಿ ಶಾಲೆಯ ಬೆಂಚು ತುಂಬುವುದು ಹೇಗೆ? ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1894ರಲ್ಲಿ, ಶಿಶುವಿವಾಹ ತಡೆಯುವ ರೆಗ್ಯುಲೇಷನ್ ಬಂತು. ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದೂ ಅಪರಾಧವಾಯಿತು. ಎಂಟು ವರ್ಷ ಎಂಬ ಗೆರೆ ಇಂದಿನ ಕಣ್ಣಿಗೆ ಏನೇನೂ ಸಾಲದು. ಆದರೂ ಮಗುವಿನ ವಿಷಯದಲ್ಲಿ ಮನೆಯ ಹೊಸ್ತಿಲು ದಾಟಿ ಒಳಗೆ ಬಂದ ಮೈಸೂರಿನ ಮೊದಮೊದಲ ಕಾನೂನುಗಳಲ್ಲಿ ಅದೂ ಒಂದು.

ಕಲ್ಕತ್ತೆಯಲ್ಲಿ ಬಿದ್ದದ್ದು ಮೈಸೂರಿನಲ್ಲಿ ನಿಂತಿತು

ಗೋಪಾಲಕೃಷ್ಣ ಗೋಖಲೆಯವರು 1911ರ ಮಾರ್ಚಿನಲ್ಲಿ ಕಲ್ಕತ್ತೆಯಲ್ಲಿ ಸೇರುತ್ತಿದ್ದ ಇಂಪೀರಿಯಲ್ ಲೆಜಿಸ್ಲೇಟಿವ್ ಕೌನ್ಸಿಲ್ ಮುಂದೆ ಪ್ರಾಥಮಿಕ ಶಿಕ್ಷಣದ ಮಸೂದೆ ತಂದರು. ಬಹಳ ಎಚ್ಚರಿಕೆಯ ಮಸೂದೆ ಅದು. ಆರರಿಂದ ಹತ್ತು ವರ್ಷದ ಗಂಡುಮಕ್ಕಳಿಗೆ, ಅದೂ ಆಗಲೇ ಸಾಕಷ್ಟು ಮಕ್ಕಳು ಶಾಲೆಗೆ ಹೋಗುತ್ತಿರುವ ಊರುಗಳಲ್ಲಿ ಮಾತ್ರ ಕಡ್ಡಾಯ. ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಸರ್ಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಯದ್ದು. ಅಷ್ಟು ಎಚ್ಚರಿಕೆಯೂ ಫಲಿಸಲಿಲ್ಲ. 1912ರ ಮಾರ್ಚಿನಲ್ಲಿ 13ಕ್ಕೆ 38 ಮತಗಳಿಂದ ಮಸೂದೆ ಬಿದ್ದುಹೋಯಿತು. ದುಡ್ಡಿಲ್ಲ ಎಂಬುದು ಸರ್ಕಾರದ ಕಡೆಯವರ ದೊಡ್ಡ ವಾದವಾಗಿತ್ತು. ಕೂಲಿಯಾಳು ಸಿಗುವುದಿಲ್ಲ ಎಂಬುದು ಕೆಲವು ಜಮೀನುದಾರರ ಚಿಂತೆ.

ಅದೇ ವರ್ಷದ ನವೆಂಬರಿನಲ್ಲಿ ಎಂ. ವಿಶ್ವೇಶ್ವರಯ್ಯ ಮೈಸೂರಿನ ದಿವಾನರಾದರು. 1898ರಲ್ಲೇ ಜಪಾನ್ ನೋಡಿ ಬಂದಿದ್ದ ಅವರಿಗೆ, ಒಂದೇ ತಲೆಮಾರಿನಲ್ಲಿ ಆ ದೇಶ ಎದ್ದು ನಿಂತದ್ದರ ಗುಟ್ಟು ಪ್ರಾಥಮಿಕ ಶಾಲೆಯಲ್ಲಿದೆ ಎಂಬ ನಂಬಿಕೆಯಿತ್ತು. ಬರೋಡ ಸಂಸ್ಥಾನ 1906ರಲ್ಲೇ ಸೀಮೆಯುದ್ದಕ್ಕೂ ಕಡ್ಡಾಯ ಶಿಕ್ಷಣ ತಂದಿದ್ದ ಉದಾಹರಣೆಯೂ ಎದುರಿಗಿತ್ತು. 1913ರಲ್ಲಿ ಮೈಸೂರಿನ ಎಲಿಮೆಂಟರಿ ಎಜುಕೇಷನ್ ರೆಗ್ಯುಲೇಷನ್ ಬಂತು. ಏಳರಿಂದ ಹನ್ನೊಂದು ವರ್ಷದ ಗಂಡುಮಕ್ಕಳನ್ನು, ಸರ್ಕಾರ ಆಯ್ದು ಪ್ರಕಟಿಸಿದ ಊರುಗಳಲ್ಲಿ, ಶಾಲೆಗೆ ಕಳಿಸಲೇಬೇಕು. ತಕ್ಕ ಕಾರಣವಿಲ್ಲದೆ ಕಳಿಸದ ತಂದೆತಾಯಿಗೆ ದಂಡ. ಬ್ರಿಟಿಷ್ ಇಂಡಿಯಾದ ಕೌನ್ಸಿಲ್ ಆಗದೆಂದು ಕೈಬಿಟ್ಟದ್ದನ್ನು ಒಂದು ಸಂಸ್ಥಾನ ಮರುವರ್ಷವೇ ಕಾನೂನು ಮಾಡಿತು.

ಕಾನೂನಿನ ಜೊತೆ ಶಾಲೆಗಳೂ ಬಂದದ್ದು ವಿಶ್ವೇಶ್ವರಯ್ಯನವರ ಹೆಚ್ಚುಗಾರಿಕೆ. ಅವರು ಬಂದಾಗ ಸಂಸ್ಥಾನದಲ್ಲಿ ಇದ್ದ ಶಾಲೆಗಳು ಸುಮಾರು 4,500. ಅವರ ಆರು ವರ್ಷಗಳಲ್ಲಿ ಸೇರಿದವು ಸುಮಾರು 6,500. ಓದುವ ಮಕ್ಕಳ ಸಂಖ್ಯೆ 1.40 ಲಕ್ಷದಿಂದ 3.66 ಲಕ್ಷಕ್ಕೆ ಏರಿತು. 1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಸರಸ್ವತಿಪುರಂನಂಥ ಬಡಾವಣೆ ಓದುಬರಹದವರ ಕೇರಿಯಾಗಿ ಬೆಳೆದದ್ದಕ್ಕೆ ಕಾರಣ ಹುಡುಕಿದರೆ ಹೋಗಿ ನಿಲ್ಲುವುದು ಈ ಆರು ವರ್ಷಗಳಲ್ಲೇ.

ಕಡ್ಡಾಯದ ಪಟ್ಟಿಯಲ್ಲಿ ಹೆಣ್ಣುಮಕ್ಕಳಿರಲಿಲ್ಲ. ಪಟ್ಟಿಯಲ್ಲಿದ್ದ ದಲಿತ ಮಕ್ಕಳಿಗೂ ಬಾಗಿಲು ಸಲೀಸಾಗಿ ತೆರೆಯಲಿಲ್ಲ. ಸರ್ಕಾರದ ಹಣದಲ್ಲಿ ನಡೆಯುವ ಶಾಲೆ ಎಲ್ಲ ಜಾತಿಗೂ ತೆರೆದಿರಬೇಕೆಂಬ ನಿಲುವನ್ನು ಜಾರಿಗೆ ತರಲು ಹೊರಟವರಲ್ಲಿ ಮುಖ್ಯರು ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಸಿ.ಆರ್. ರೆಡ್ಡಿ. ‘ಪಂಚಮ’ ಮಕ್ಕಳು ಒಳಗೆ ಬಂದರೆ ನಮ್ಮ ಮಕ್ಕಳನ್ನು ಬಿಡಿಸುತ್ತೇವೆ ಎಂದು ಹೇಳಿದ ಪೋಷಕರಿದ್ದರು, ಹಾಗೆ ಬಿಡಿಸಿದವರೂ ಇದ್ದರು. 1918ರಲ್ಲಿ ನೇಮಕವಾದ ಲೆಸ್ಲಿ ಮಿಲ್ಲರ್ ಸಮಿತಿ ಹಿಂದುಳಿದ ಸಮುದಾಯಗಳಿಗೆ ನೌಕರಿಯ ಜೊತೆಗೆ ವಿದ್ಯಾರ್ಥಿವೇತನದ ಮಾತನ್ನೂ ಎತ್ತಿದ ಮೇಲೆ, ಶಾಲೆಯ ಖರ್ಚು ಎಂಬುದು ಜಾತಿ ನ್ಯಾಯದ ಪ್ರಶ್ನೆಯೂ ಆಯಿತು.

ಏಳು ದಿನ, ಏಳು ಮನೆ

ಶಾಲೆ ಸಿಕ್ಕಿತು, ಊಟ? ಹಳ್ಳಿಯಿಂದ ಹೈಸ್ಕೂಲಿಗೆಂದು ಮೈಸೂರಿಗೆ ಬಂದ ಬಡ ಬ್ರಾಹ್ಮಣ ಹುಡುಗನಿಗೆ ಇದ್ದ ದಾರಿ ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಹೀಗೆ ಏಳು ಮನೆ ಗೊತ್ತು ಮಾಡಿಕೊಂಡರೆ ವಾರ ಕಳೆಯಿತು. ಹುಡುಗ ಸ್ನಾನ ಮಾಡಿ, ಹೊತ್ತಿಗೆ ಸರಿಯಾಗಿ ಹೋಗಬೇಕು. ಮನೆಯವರದ್ದಾದ ಮೇಲೆ ಎಲೆ ಹಾಕುವ ಮನೆಗಳಿದ್ದವು, ಮಕ್ಕಳ ಜೊತೆಯಲ್ಲೇ ಕೂರಿಸಿ ಬಡಿಸುವ ತಾಯಂದಿರೂ ಇದ್ದರು. ಆ ಮನೆಯಲ್ಲಿ ಸೂತಕವಾದರೆ, ಮನೆಯವರು ಊರಿಗೆ ಹೋದರೆ, ಆ ದಿನ ತಣ್ಣೀರೇ ಗತಿ. ಎಸ್.ಎಲ್. ಭೈರಪ್ಪನವರು ತಮ್ಮ ಆತ್ಮಕಥೆ ‘ಭಿತ್ತಿ’ಯಲ್ಲಿ ವಾರಾನ್ನದ ದಿನಗಳನ್ನು ಬಿಚ್ಚಿಟ್ಟಿದ್ದಾರೆ. ಉಣ್ಣಿಸಿದವರ ಔದಾರ್ಯ, ಉಂಡವನ ಸಂಕೋಚ ಎರಡೂ ಅದರಲ್ಲಿವೆ.

ಈ ಹುಡುಗರನ್ನು ಒಂದು ಸೂರಿನಡಿ ಸೇರಿಸಲು ಹೊರಟವರಲ್ಲಿ ತಾತಯ್ಯ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯ ಮುಖ್ಯರು. ಮರಿಮಲ್ಲಪ್ಪ ಹೈಸ್ಕೂಲಿನ ಹೆಡ್ಮಾಸ್ಟರಾಗಿದ್ದ ಅವರು ಬಡ ಮಕ್ಕಳಿಗೆಂದು ಅನಾಥಾಲಯ ಕಟ್ಟಿದರು. ಲಿಂಗಾಯತರ, ಒಕ್ಕಲಿಗರ ಹಾಸ್ಟೆಲುಗಳು ಒಂದೊಂದಾಗಿ ಎದ್ದವು. ದಲಿತ ಮಕ್ಕಳಿಗಾಗಿ ತಲಕಾಡು ರಂಗೇಗೌಡ, ಗೋಪಾಲಸ್ವಾಮಿ ಅಯ್ಯರ್ ಅವರಂಥವರು ದುಡಿದರು. ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ಪ್ರಸಾದ ನಿಲಯ ತೆರೆದು ಹಳ್ಳಿಯ ಹುಡುಗರಿಗೆ ಅನ್ನ ಹಾಕಿದರು. 1954ರಲ್ಲಿ ಆ ಕೆಲಸ ಜೆಎಸ್‌ಎಸ್ ಮಹಾವಿದ್ಯಾಪೀಠವಾಗಿ ರೂಪ ತಳೆಯಿತು. ಸರಸ್ವತಿಪುರಂನ ಮಹಿಳಾ ಕಾಲೇಜು ಅದೇ ಬಳ್ಳಿಯ ಹೂವು.

ಈ ಹಾಸ್ಟೆಲುಗಳಿಲ್ಲದಿದ್ದರೆ ಹಳೆ ಮೈಸೂರಿನ ಎಷ್ಟೋ ಡಾಕ್ಟರು, ವಕೀಲರು, ಮಂತ್ರಿಗಳು ಹಳ್ಳಿಯಲ್ಲೇ ಉಳಿಯುತ್ತಿದ್ದರು. ಆದರೆ ಅನ್ನದ ಸಾಲು ಬಹುತೇಕ ಜಾತಿಯ ಸಾಲೇ ಆಗಿತ್ತು. ದೊಡ್ಡ ಸಮುದಾಯ, ದೊಡ್ಡ ದಾನಿ ಇದ್ದವರ ಮಕ್ಕಳಿಗೆ ಒಳ್ಳೆಯ ಹಾಸ್ಟೆಲು. ಇಲ್ಲದವರಿಗೆ ಏನೂ ಇಲ್ಲ. ಆ ಕೊರತೆಗೆ ಸರ್ಕಾರ ದೊಡ್ಡ ಪ್ರಮಾಣದಲ್ಲಿ ಕೈಹಾಕಿದ್ದು ಹುಣಸೂರಿನ ಕಡೆಯವರೇ ಆದ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ 1970ರ ದಶಕದಲ್ಲಿ, ಹಿಂದುಳಿದ ವರ್ಗಗಳ ಹಾಸ್ಟೆಲುಗಳ ಮೂಲಕ. ಬಿಸಿಎಂ ಹಾಸ್ಟೆಲ್ ಎಂಬ ಹೆಸರು ಹಳ್ಳಿಯ ಮನೆಮಾತಾಯಿತು.

ಹೊಣೆ ಕೈ ಬದಲಾಯಿಸಿತು

1930ರ ಶಾಸನ ಪ್ರಾಥಮಿಕ ಶಾಲೆಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಊರಿನ ಶಾಲೆ ಊರಿನವರ ಕೈಯಲ್ಲಿರಲಿ ಎಂಬ ಆಶಯ ಚೆನ್ನಾಗಿಯೇ ಇತ್ತು. ಆದರೆ ಕಾಲ ಚೆನ್ನಾಗಿರಲಿಲ್ಲ. ಜಗತ್ತಿನ ಆರ್ಥಿಕ ಕುಸಿತದಲ್ಲಿ ರೈತನ ಫಸಲಿಗೆ ಬೆಲೆಯಿಲ್ಲ, ಜಿಲ್ಲಾ ಬೋರ್ಡಿಗೆ ವರಮಾನವಿಲ್ಲ. 1941ರ ಶಾಸನದ ಮೂಲಕ ಸರ್ಕಾರ ಆ ಹೊಣೆಯನ್ನು ಮರಳಿ ತನ್ನ ಕೈಗೆ ತೆಗೆದುಕೊಂಡಿತು. ಅಧಿಕಾರವನ್ನು ಕೆಳಕ್ಕೆ ಕೊಟ್ಟು ದುಡ್ಡನ್ನು ಮೇಲೇ ಇಟ್ಟುಕೊಂಡರೆ ಶಾಲೆ ನಡೆಯುವುದಿಲ್ಲ ಎಂದು ಮೈಸೂರು ಹತ್ತೇ ವರ್ಷದಲ್ಲಿ ಕಂಡುಕೊಂಡಿತು. ಪಂಚಾಯಿತಿ, ಎಸ್‌ಡಿಎಂಸಿಗಳ ಕಾಲದಲ್ಲೂ ಈ ಪಾಠ ಹಳತಾಗಿಲ್ಲ.

ಸಂವಿಧಾನದ 45ನೇ ವಿಧಿ ಹದಿನಾಲ್ಕು ವರ್ಷದವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷದೊಳಗೆ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದಿತು. 1956ರಲ್ಲಿ ಕನ್ನಡ ನಾಡು ಒಂದಾದಾಗ ಸಿಕ್ಕಿದ್ದು ಕಾನೂನುಗಳ ಕಂತೆ: ಮುಂಬಯಿ ಕರ್ನಾಟಕಕ್ಕೆ ಒಂದು, ಹೈದರಾಬಾದ್ ಕರ್ನಾಟಕಕ್ಕೆ ಒಂದು, ಮದರಾಸಿನಿಂದ ಬಂದ ಭಾಗಕ್ಕೆ ಮತ್ತೊಂದು, ಹಳೆ ಮೈಸೂರಿಗೆ ತನ್ನದೇ. ಇವೆಲ್ಲದರ ಜಾಗಕ್ಕೆ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆ ಬಂತು. ಆಮೇಲಿನ ದೊಡ್ಡ ಕಾನೂನಾದ ಕರ್ನಾಟಕ ಶಿಕ್ಷಣ ಕಾಯ್ದೆಗೆ 1983ರ ಹೆಸರಿದ್ದರೂ, ರಾಷ್ಟ್ರಪತಿಗಳ ಅಂಕಿತ ಪಡೆದು ಜಾರಿಯಾಗುವಾಗ 1995 ಆಗಿತ್ತು. ಅದು ಬರೆದಾಗ ಒಂದನೇ ತರಗತಿಗೆ ಸೇರಿದ್ದ ಮಗು ಜಾರಿಯಾಗುವ ಹೊತ್ತಿಗೆ ಪಿಯುಸಿ ಮುಟ್ಟಿತ್ತು.

ಉಪ್ಪಿಟ್ಟಿನಿಂದ ಬಿಸಿಯೂಟಕ್ಕೆ

ಹಸಿದ ಹೊಟ್ಟೆಗೆ ಮಗ್ಗಿ ಹತ್ತದು ಎಂಬುದು ಮೇಷ್ಟ್ರುಗಳಿಗೆ ಮೊದಲಿನಿಂದಲೂ ಗೊತ್ತು. 1960ರ ದಶಕದಲ್ಲಿ ಅಮೆರಿಕದ ಕೇರ್ ಸಂಸ್ಥೆಯ ನೆರವಿನಿಂದ ರಾಜ್ಯದ ಶಾಲೆಗಳಿಗೆ ಹಾಲಿನ ಪುಡಿ, ಗೋಧಿ ರವೆ ಬಂದವು. ಆ ಕಾಲದಲ್ಲಿ ಓದಿದವರಿಗೆ ದೊಡ್ಡ ಕೊಳಗದಿಂದ ಬಡಿಸುತ್ತಿದ್ದ ಹಳದಿ ಉಪ್ಪಿಟ್ಟು ಇನ್ನೂ ನೆನಪಿದೆ. ತಟ್ಟೆ ತರದವರು ಮುತ್ತುಗದ ಎಲೆಯ ಮೇಲೋ ಸ್ಲೇಟಿನ ಮೇಲೋ ಹಾಕಿಸಿಕೊಂಡು ತಿಂದರು.

ಅದೇ ಹೊತ್ತಿಗೆ ಮೈಸೂರಿನಲ್ಲೇ ಮಗುವಿನ ಆಹಾರದ ಮೇಲೆ ದೊಡ್ಡ ಕೆಲಸ ನಡೆದಿತ್ತು. ಚೆಲುವಾಂಬ ಮಹಲಿನಲ್ಲಿ 1950ರ ಅಕ್ಟೋಬರಿನಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಡಲೆ ಹಿಟ್ಟು ಸೇರಿಸಿ ಅಗ್ಗದ ಪೌಷ್ಟಿಕ ಆಹಾರ ತಯಾರಿಸಿತು. ಎಮ್ಮೆಯ ಹಾಲಿನಿಂದ ಹಸುಗೂಸಿನ ಆಹಾರ ಮಾಡಲಾಗದು ಎಂದು ಹೊರದೇಶದವರು ಹೇಳುತ್ತಿದ್ದಾಗ ಮಾಡಿ ತೋರಿಸಿದ್ದೂ ಅಲ್ಲಿಯ ವಿಜ್ಞಾನಿಗಳೇ. ಅಮುಲ್ ಡಬ್ಬಿಯಲ್ಲಿ ದೇಶದ ಮನೆಮನೆಗೆ ಹೋದದ್ದು ಆ ತಂತ್ರ.

ಕೇರ್ ಉಪ್ಪಿಟ್ಟು ನೆರವಿನ ಮೇಲೆ ನಿಂತದ್ದು. ಹಡಗು ಬಂದರೆ ಊಟ, ಇಲ್ಲದಿದ್ದರೆ ಇಲ್ಲ. ಊಟವನ್ನು ಹಕ್ಕಿನ ಮಾತಾಗಿಸಿದ್ದು ಸುಪ್ರೀಂ ಕೋರ್ಟ್. 2001ರ ನವೆಂಬರ್ 28ರ ಆದೇಶದಲ್ಲಿ ಅದು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಅಕ್ಕಿ ಹಂಚುವುದರ ಬದಲು ಬೇಯಿಸಿದ ಊಟವನ್ನೇ ಕೊಡಿ ಎಂದಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ ಎಂಬ ಬಿಸಿಯೂಟ ಯೋಜನೆ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2006–07ರಲ್ಲಿ ಎಂಟನೇ ತರಗತಿಗೆ ಸೈಕಲ್, 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯದ ಹಾಲು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ತಿನ್ನದ ಮಕ್ಕಳಿಗೆ ಬಾಳೆಹಣ್ಣೋ ಚಿಕ್ಕಿಯೋ ಎಂದು ಮಾಡಿ ಮೊಟ್ಟೆಯನ್ನು ರಾಜ್ಯದ ಉಳಿದ ಕಡೆಗೂ ಒಯ್ಯಲಾಯಿತು.

ವಾರಾನ್ನದ ಹುಡುಗನಿಗೂ ಬಿಸಿಯೂಟದ ಹುಡುಗನಿಗೂ ಇರುವ ಅಂತರ ತಟ್ಟೆಯಲ್ಲಿಲ್ಲ. ಬಿಸಿಯೂಟದ ಹುಡುಗ ಯಾರಿಗೂ ಋಣಿಯಲ್ಲ. ದಲಿತ ಹೆಣ್ಣುಮಗಳು ಬೇಯಿಸಿದ್ದನ್ನು ಉಣ್ಣಲೊಲ್ಲೆವು ಎಂಬ ತಕರಾರು ಈಗಲೂ ಆಗಾಗ ಏಳುತ್ತದೆ. ಆದರೆ ಇಂದು ತಹಶೀಲ್ದಾರರು, ಬಿಇಒ ಶಾಲೆಗೆ ಬಂದು ಕೂತು ಕೇಳುತ್ತಾರೆ. ಐಗಳ ಜಗಲಿಯ ಕಾಲದಲ್ಲಿ ಅಂಥ ಕೇಳುವವರೇ ಇರಲಿಲ್ಲ.

ತಿರುಮಕೂಡಲಿನ ನೂರು ಕೋಣೆಗಳು

ಇಷ್ಟೆಲ್ಲ ಆರು ವರ್ಷ ದಾಟಿದ ಮಗುವಿನ ಮಾತು. ಅದಕ್ಕಿಂತ ಚಿಕ್ಕವರ ಕಡೆ ಸರ್ಕಾರ ತಿರುಗಿದ್ದು 1975ರ ಅಕ್ಟೋಬರ್ 2ರಂದು. ದೇಶದ 33 ಬ್ಲಾಕುಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂದು ಆರಂಭವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯದೇ ಆದ ಟಿ. ನರಸೀಪುರ. ಕಾವೇರಿ, ಕಪಿಲೆ ಕೂಡುವ ಆ ತಾಲ್ಲೂಕಿನಲ್ಲಿ 100 ಅಂಗನವಾಡಿಗಳು ಬಾಗಿಲು ತೆರೆದವು. ಪೂರಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಆಟಪಾಠ. ಆರೂ ಕೆಲಸಕ್ಕೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಆದರೆ ಇದು ಯೋಜನೆಯಾಗಿ ಹುಟ್ಟಿತು, ಶಾಸನವಾಗಿ ಅಲ್ಲ. ಹಾಗಾಗಿ ಕಾರ್ಯಕರ್ತೆ ನೌಕರಳಲ್ಲ, ಗೌರವಧನ ಪಡೆಯುವವಳು. ಅವರಿಗೆ ಗ್ರಾಚ್ಯುಟಿ ಸಲ್ಲಬೇಕೆಂದು ಸುಪ್ರೀಂ ಕೋರ್ಟ್ ಹೇಳಲು 2022ರ ಏಪ್ರಿಲ್ ಆಗಬೇಕಾಯಿತು. 2013ರ ಆಹಾರ ಭದ್ರತಾ ಕಾಯ್ದೆ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಮೂಲಕ ಊಟವನ್ನು ಹಕ್ಕಾಗಿ ಕೊಟ್ಟಿದೆ. ಊಟ ಕೊಡುವ ಕೋಣೆ ಹೇಗಿರಬೇಕು, ಅಲ್ಲಿ ಮಗು ಎಷ್ಟು ಹೊತ್ತು ಇರಬಹುದು ಎಂಬುದು ಇಂದಿಗೂ ಆದೇಶ, ಸುತ್ತೋಲೆಗಳ ಮಾತು. ನಗರಗಳಲ್ಲಿ ಎಷ್ಟೋ ಅಂಗನವಾಡಿಗಳು ಬಾಡಿಗೆಯ ಒಂದೇ ಕೋಣೆಯಲ್ಲಿ ನಡೆಯುತ್ತವೆ. ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆ, ತೂಕದ ಯಂತ್ರ, ಮಲಗಿದ ಮಕ್ಕಳು ಎಲ್ಲ ಅದೇ ನಾಲ್ಕು ಗೋಡೆಯೊಳಗೆ.

ಕಾಲು ಭಾಗದ ಸೀಟು

ಶಿಕ್ಷಣವನ್ನು ಮೂಲಭೂತ ಹಕ್ಕಿನ ಪಟ್ಟಕ್ಕೇರಿಸಿದ ಮೊದಲ ದೊಡ್ಡ ತೀರ್ಪು ಕರ್ನಾಟಕದಿಂದಲೇ ಹೋದದ್ದು. ತುಮಕೂರಿನ ಖಾಸಗಿ ವೈದ್ಯಕೀಯ ಕಾಲೇಜೊಂದರ ಶುಲ್ಕದ ವಿರುದ್ಧ ಕೋರ್ಟಿಗೆ ಹೋದ ಮೋಹಿನಿ ಜೈನ್ ಪ್ರಕರಣ 1992ರಲ್ಲಿ ತೀರ್ಮಾನವಾಯಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗೆ ಎಂದು ಗೆರೆ ಎಳೆಯಿತು. 2002ರಲ್ಲಿ ಸಂವಿಧಾನದ 86ನೇ ತಿದ್ದುಪಡಿ, 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ.

ಶಾಲೆಗೆ ಏನೇನಿರಬೇಕು ಎಂಬುದನ್ನು ಆರ್‌ಟಿಇ ಮೊದಲ ಬಾರಿ ಇಡೀ ದೇಶಕ್ಕೆ ಕಾನೂನಿನಲ್ಲೇ ಬರೆಯಿತು: ಗಂಡು, ಹೆಣ್ಣುಮಕ್ಕಳಿಗೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಗ್ರಂಥಾಲಯ, ಐದನೇ ತರಗತಿವರೆಗೆ 30 ಮಕ್ಕಳಿಗೊಬ್ಬ ಶಿಕ್ಷಕ. ಅನುದಾನ ಪಡೆಯದ ಖಾಸಗಿ ಶಾಲೆಗಳೂ ಪ್ರವೇಶದ ಹಂತದಲ್ಲಿ ಕನಿಷ್ಠ ಶೇ. 25 ಸೀಟನ್ನು ನೆರೆಹೊರೆಯ ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕೆಂದಿತು. ಬಡಾವಣೆ, ಕೊಪ್ಪಲು ಬೆನ್ನಿಗೆ ಬೆನ್ನು ತಾಗಿಸಿಕೊಂಡಿರುವ ಸರಸ್ವತಿಪುರಂನಂಥ ಕಡೆಗಳಲ್ಲಿ ಎರಡೂ ಕಡೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರಲು ಕಾನೂನು ತೆರೆದ ಬಾಗಿಲು ಅದು. 2019ರಿಂದ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರದಲ್ಲಿದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟಿಲ್ಲ ಎಂದು ರಾಜ್ಯ ನಿಯಮ ಬದಲಿಸಿತು, ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಖಾಸಗಿ ಶಾಲೆಗೆ ಕೊಡುವ ಶುಲ್ಕವನ್ನು ಸರ್ಕಾರಿ ಶಾಲೆಗೇ ಹಾಕಬೇಕೆಂಬುದು ಆ ತಿದ್ದುಪಡಿಯ ಪರವಾದ ವಾದ. ಒಪ್ಪಬಹುದಾದ ವಾದವೇ, ಹಾಗೆ ಉಳಿದ ದುಡ್ಡು ಆ ಶಾಲೆಗಳ ಶೌಚಾಲಯದಲ್ಲಿ, ಗ್ರಂಥಾಲಯದಲ್ಲಿ ಕಾಣಬೇಕು ಅಷ್ಟೆ.

ಐವತ್ತರ ಲೆಕ್ಕ

ತಾಯಿ ದುಡಿಯುವಾಗ ಮಗು ಎಲ್ಲಿ ಎಂಬ ಪ್ರಶ್ನೆಗೆ ಕಾನೂನು ಉತ್ತರ ಹುಡುಕಿದ್ದು ತಲೆ ಎಣಿಸಿ. 1948ರ ಕಾರ್ಖಾನೆ ಕಾಯ್ದೆ 50ಕ್ಕಿಂತ ಹೆಚ್ಚು ಹೆಂಗಸರಿದ್ದರೆ ಶಿಶುಪಾಲನಾ ಕೋಣೆ ಇರಬೇಕೆಂದಿತು. 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. 1951ರ ಪ್ಲಾಂಟೇಷನ್ ಕಾಯ್ದೆ ಕೊಡಗು, ಚಿಕ್ಕಮಗಳೂರಿನ ತೋಟಗಳ ಹೆಣ್ಣಾಳುಗಳ ಮಕ್ಕಳಿಗೆ ಅಂಥದೇ ಏರ್ಪಾಡು ಹೇಳಿತು. ಬೀಡಿ ಕಾರ್ಮಿಕರ ಕಾಯ್ದೆ 1966ರಲ್ಲಿ ಬಂತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಕ್ರೆಶ್ ಕಡ್ಡಾಯ ಮಾಡಿತು. ಈ ಎಲ್ಲ ಲೆಕ್ಕಗಳೂ ಒಂದೇ ಸೂರಿನಡಿ ಕೆಲಸ ಮಾಡುವವರದ್ದು. ಮೈಸೂರಿನಲ್ಲಿ ಬೀಡಿ ಕಟ್ಟುವ, ಊದುಬತ್ತಿ ಹೊಸೆಯುವ ಹೆಂಗಸರು ಬಹುಪಾಲು ತಮ್ಮ ಮನೆಯಲ್ಲೇ ಕೂತು ದುಡಿಯುತ್ತಾರೆ. ನಾಲ್ಕು ಮನೆಯ ಕಸಮುಸುರೆ ಮಾಡುವವಳಿಗೆ ನಾಲ್ವರು ಯಜಮಾನಿಯರು, ಒಂದೂ ಕ್ರೆಶ್ ಇಲ್ಲ. ಅಂಗನವಾಡಿ ಆಟಪಾಠಕ್ಕೆ ಕರೆದುಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಸಂಜೆ ನಾಲ್ಕರ ಹೊತ್ತಿಗೆ ಅದರ ಬಾಗಿಲು ಹಾಕುತ್ತದೆ.

ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಕಾರರ ಮಕ್ಕಳಿಗೆ 4,000 ‘ಕೂಸಿನ ಮನೆ’ ತೆರೆಯುವ ಯೋಜನೆಯನ್ನು ರಾಜ್ಯ 2023–24ರಲ್ಲಿ ಹಾಕಿಕೊಂಡಿತು. ಒಳ್ಳೆಯ ಹೆಜ್ಜೆ, ಆದರೆ ಅದು ಹಳ್ಳಿಗಷ್ಟೇ. ಆರ್‌ಟಿಇ ಕಾಯ್ದೆಯ 11ನೇ ಕಲಂ ಮೂರರಿಂದ ಆರು ವರ್ಷದವರ ಶಾಲಾಪೂರ್ವ ಶಿಕ್ಷಣವನ್ನು ಸರ್ಕಾರದ ಇಚ್ಛೆಗೆ ಬಿಟ್ಟಿದೆ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ಪ್ರಸ್ತಾಪಕ್ಕೆ ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದೂ ಇದರಿಂದಲೇ: ಈ ವಯಸ್ಸಿನ ಮಗು ಯಾವ ಇಲಾಖೆಯ ಹೊಣೆ ಎಂದು ಯಾವ ಶಾಸನವೂ ಹೇಳಿಲ್ಲ.

ಕಲ್ಕತ್ತೆ ಕೈಬಿಟ್ಟದ್ದನ್ನು ಮರುವರ್ಷವೇ ಕಾನೂನು ಮಾಡಿದ ನಾಡಿಗೆ ಇದು ಭಾರಿ ಕೆಲಸವೇನಲ್ಲ. ಆರು ವರ್ಷದೊಳಗಿನ ಮಗುವಿಗೆ ಜಾಗ, ಊಟ, ನೋಡಿಕೊಳ್ಳುವ ಸಂಬಳದಾಳು ಈ ಮೂರನ್ನೂ ಹಳ್ಳಿ, ನಗರ ಎಂಬ ಭೇದವಿಲ್ಲದೆ ಹಕ್ಕಾಗಿ ಕೊಡುವ, ಅದಕ್ಕೆ ಬೇಕಾದ ಹಣ ಎಲ್ಲಿಂದ ಎಂದೂ ಹೇಳುವ ಒಂದು ಶಾಸನವನ್ನು ವಿಧಾನಮಂಡಲ ತರಬೇಕು. ಅಲ್ಲಿಯವರೆಗೆ ಮೈಸೂರು ಮಹಾನಗರ ಪಾಲಿಕೆ ತನ್ನ ವಾರ್ಡುಗಳಲ್ಲಿ ಬಾಡಿಗೆ ಕೋಣೆಯ ಅಂಗನವಾಡಿಗಳ ಪಟ್ಟಿ ಮಾಡಿ, ಖಾಲಿ ಬಿದ್ದಿರುವ ನಾಗರಿಕ ಸೌಲಭ್ಯದ (ಸಿಎ) ನಿವೇಶನಗಳನ್ನು ಅವಕ್ಕೆ ಬಿಟ್ಟುಕೊಡಲಿ.